ಕೂಸಿಗೆ ಹಗಲು ಕಲಿಸಿದ್ದು

ರೇಣುಕಯ್ಯನ ಮಗಳು ಹುಟ್ಟಿ ಇಪ್ಪತ್ತೈದು ದಿನವಾಗಿತ್ತು. ಅಷ್ಟರಲ್ಲೇ ಆ ಕೂಸು ತನ್ನದೇ ಒಂದು ಪಂಚಾಂಗ ನಡೆಸತೊಡಗಿತ್ತು. ಮಧುಗಿರಿಗೆಲ್ಲ ಬೆಳಗಾದಾಗ ಅದಕ್ಕೆ ರಾತ್ರಿ, ಊರು ದೀಪ ಆರಿಸಿದಾಗ ಅದಕ್ಕೆ ಬೆಳಗು. ಹಗಲೆಲ್ಲ ಗುಂಡುಕಲ್ಲಿನ ಹಾಗೆ ಮಲಗಿ, ರಾತ್ರಿ ಒಂಬತ್ತಕ್ಕೆ ಶುರು ಮಾಡಿದರೆ ಕೋಳಿ ಕೂಗುವವರೆಗೂ ಅಳು. ಬಾಣಂತಿ ಚನ್ನಮಲ್ಲಮ್ಮ ಹಗಲು ಕೂಸಿನ ಮಗ್ಗುಲಲ್ಲೇ ಮಲಗಿ ಹೇಗೋ ಸುಧಾರಿಸಿಕೊಳ್ಳುತ್ತಿದ್ದಳು. ಅವಳಿಗೆ ತಾಯಿ ಇಲ್ಲದ್ದರಿಂದ ಬಾಣಂತನವೆಲ್ಲ ಅತ್ತೆ ಸಿದ್ದಗಂಗಮ್ಮನದು. ಸಿದ್ದಗಂಗಮ್ಮನಿಗೆ ದೇವರ ದಯೆಯಿಂದ ಕಿವಿ ಮಂದ, ಮಲಗಿದರೆ ಮಲಗಿದಳೇ. ಹಾಗಾಗಿ ರಾತ್ರಿ ತೊಟ್ಟಿಲ ಹಗ್ಗ ಹಿಡಿದು ಕೂರುವ ಪಾಳಿ ರೇಣುಕಯ್ಯನ ಪಾಲಿಗೆ ಬಂದಿತ್ತು. ಹಗಲು ಕೋರ್ಟಿಗೆ ಹೋಗುವ ಪಾಳಿಯೂ ಅವನದೇ.

ಅವನು ವಕೀಲ ವೃಷಭೇಂದ್ರಪ್ಪನವರ ಗುಮಾಸ್ತ. ಹೋದ ವಾರ ಮುನ್ಸೀಫರ ಎದುರಿಗೆ ಒಂದು ಕ್ರಯಪತ್ರ ಓದುತ್ತ, "ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ" ಎಂದವನು, ಪಶ್ಚಿಮಕ್ಕೆ ಏನಿದೆ ಎಂದು ಹೇಳದೆ ನಿಂತಲ್ಲೇ ತೂಕಡಿಸಿಬಿಟ್ಟ. ಹೊರಗೆ ಬಂದ ಮೇಲೆ ವಕೀಲರು, ಸೋಮವಾರ ಅದೇ ಕೇಸು, ಆವತ್ತೂ ಕಣ್ಣು ಮುಚ್ಚಿದರೆ ಮಂಗಳವಾರದಿಂದ ಬರಬೇಡ ಎಂದರು. ಹತ್ತು ವರ್ಷದ ಗುಮಾಸ್ತಿಕೆ. ಅದು ಬಿಟ್ಟರೆ ರೇಣುಕಯ್ಯನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಭಾನುವಾರ ಒಂದು ರಾತ್ರಿ ನಿದ್ದೆ ಸಿಕ್ಕಿದರೆ ಬದುಕಿದೆ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಕೂಸಿಗೆ ನೀರು ಹಾಕಲು ಅಮೀರ್ ಬಿ ಬಂದಳು. ಹೆರಿಗೆ ಮಾಡಿಸಿದವಳೂ ಅವಳೇ. ಶಿರಾದಿಂದ ಬಂದು ನೆಲೆನಿಂತ ಸೂಲಗಿತ್ತಿ, ಅರ್ಧ ಊರು ಅವಳ ಕೈಯಲ್ಲೇ ಭೂಮಿಗೆ ಬಿದ್ದದ್ದು. ರೇಣುಕಯ್ಯ ಅವಳ ಎದುರಿಗೆ ಕೈಮುಗಿದು ನಿಂತ.

"ನಿನ್ ಹೆಂಡ್ರು ಬಸುರೀಲಿ ಸುಮ್ಕೆ ಕುಂತಿದ್ಲಾ?" ಎಂದಳು ಅಮೀರ್ ಬಿ. "ಹಗ್ಲೆಲ್ಲ ಓಡಾಡ್ತಿದ್ಲು. ಒಳಗಿರೋ ಕೂಸಿಗೆ ಅದೇ ತೊಟ್ಲು, ನಿದ್ದೆ ಮಾಡ್ತಿತ್ತು. ರಾತ್ರಿ ಅವ್ಳು ಮಲಗಿದ್ರೆ ತೊಟ್ಲು ನಿಂತೋಗೋದು, ಇದು ಎದ್ಬುಡೋದು. ಹೊರಗೆ ಬಂದ್ರೂ ಅದೇ ರೂಢಿ. ಅದ್ರ ಮ್ಯಾಲೆ ನೀವು ಈ ಕತ್ಲೆ ಕೋಣೇಲಿ ಇಟ್ಟಿದ್ದೀರ. ಹಗ್ಲು ಯಾವ್ದು ಅಂತ ಅದಕ್ಕೆ ಹೆಂಗೆ ತಿಳೀತದೆ?"

ಕೋಣೆ ಕತ್ತಲೆಯೇ. ಬಾಣಂತಿಗೆ ಗಾಳಿ ಸೋಕಬಾರದೆಂದು ಸಿದ್ದಗಂಗಮ್ಮ ಕಿಟಕಿಗೆ ಕರಿಕಂಬಳಿ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಮುಚ್ಚಿಸಿದ್ದಳು. ಒಳಗೆ ಹೋದವರಿಗೆ ಮಧ್ಯಾಹ್ನ ಹನ್ನೆರಡೂ ಒಂದೇ, ಮಧ್ಯರಾತ್ರಿ ಹನ್ನೆರಡೂ ಒಂದೇ. ಅಮೀರ್ ಬಿ ಹೇಳಿದ ಮದ್ದು ಸುಲಭವಾಗಿತ್ತು. ಹಗಲು ಕೂಸನ್ನು ಬೆಳಕಿಗೆ ತರಬೇಕು, ಮಾತಾಡಿಸಬೇಕು, ಹೊತ್ತುಹೊತ್ತಿಗೆ ಹಾಲಿಗೆ ಎಬ್ಬಿಸಬೇಕು. ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಟ್ಟರೆ ನಿದ್ದೆ ಬರುತ್ತದೆ, ಆದ್ದರಿಂದ ಅದನ್ನು ಬೆಳಿಗ್ಗೆ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಇಟ್ಟುಕೊಳ್ಳಬೇಕು. ಹದಿನೈದು ದಿನ ಹೀಗೆ ಮಾಡಿದರೆ ತಾನೇ ಸರಿಹೋಗುತ್ತದೆ ಎಂದಳು. ರೇಣುಕಯ್ಯನ ಹತ್ತಿರ ಇದ್ದದ್ದು ಹದಿನೈದು ಗಂಟೆ.

ಸಿದ್ದಗಂಗಮ್ಮ ಸಿಟ್ಟಿನಿಂದ ಕುಣಿದಾಡಿದಳು. ತಾನು ಐದು ಹೆತ್ತವಳು, ಯಾವ ಕೂಸಿಗೂ ಹಗಲು ರಾತ್ರಿ ಪಾಠ ಹೇಳಿಕೊಡಲಿಲ್ಲ ಎಂದಳು. ಕಂಬಳಿ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಳು. ಕಡೆಗೆ, ಕಿಟಕಿ ತೆಗೆಯುವುದಿಲ್ಲ, ಕೂಸನ್ನು ಬೇಕಾದರೆ ನಾಲ್ಕು ಬಟ್ಟೆ ಸುತ್ತಿ ಜಗಲಿಗೆ ಒಯ್ಯಿ ಎಂದು ಒಪ್ಪಿದಳು.

ಜಗಲಿಯಲ್ಲಿ ರೇಣುಕಯ್ಯ ಕೂಸನ್ನೆತ್ತಿಕೊಂಡು ಅಡ್ಡಾಡಿದ. ಮಲಗಿತು. ನಿಂತ. ಕೂಸು ಒಂದು ಸಲ ಕಣ್ಣು ಬಿಟ್ಟು, ಇವನ ಮುಖ ನೋಡಿ, ನೋಡುವಂಥದ್ದೇನೂ ಇಲ್ಲವೆಂದು ತೀರ್ಮಾನಿಸಿ ಮತ್ತೆ ಮಲಗಿತು. ಅಂಗಾಲಿಗೆ ಒದ್ದೆ ಬೆರಳು ಇಟ್ಟ. ಕಾಲು ಎಳೆದುಕೊಂಡು ಮಲಗಿತು. ಅದು ಆಕಳಿಸಿದಾಗ ಇವನಿಗೂ ಆಕಳಿಕೆ. ಸ್ವಲ್ಪ ಹೊತ್ತಿನ ಮೇಲೆ ಚನ್ನಮಲ್ಲಮ್ಮ ಇಣುಕಿ ನೋಡಿದರೆ ಕಂಬಕ್ಕೊರಗಿ ಅಪ್ಪ ಮಗಳು ಇಬ್ಬರೂ ನಿದ್ದೆ.

ಎದುರು ಮನೆಯ ನಾಗಲಿಂಗಯ್ಯ ಮೇಷ್ಟ್ರು ಇದನ್ನು ಕಂಡರು. ಮೂವತ್ತು ವರ್ಷ ಊರ ಮಕ್ಕಳು ತರಗತಿಯಲ್ಲಿ ನಿದ್ದೆ ಮಾಡದ ಹಾಗೆ ಕಾದವರು; ಪೆನ್ಷನ್ ಬಂದ ಮೇಲೆ ಆ ವಿದ್ಯೆಗೆ ಕೆಲಸವಿರಲಿಲ್ಲ. ವಿಷಯ ಕೇಳಿದವರೇ ದೇವರ ಕೋಣೆಯಿಂದ ಜಾಗಟೆ ತಂದು ಕೂಸಿನ ತಲೆದೆಸೆಯಲ್ಲಿ ಬಾರಿಸಿದರು. ಕೂಸು ಮಿಸುಕಲಿಲ್ಲ. ರೇಣುಕಯ್ಯ ಮಾತ್ರ ಜಗಲಿಯಿಂದ ಬೀದಿಗೆ ಹಾರಿದ. ಮೇಷ್ಟ್ರು ಸೋಲುವವರಲ್ಲ, ಶಂಖವನ್ನೂ ತಂದು ಊದಿದರು.

ನಡುಹಗಲಲ್ಲಿ ಮನೆಮುಂದೆ ಶಂಖ ಜಾಗಟೆ ಎರಡೂ ಕೇಳಿದರೆ ಅದರ ಅರ್ಥ ಒಂದೇ. ಗಳಿಗೆಯಲ್ಲಿ ಬೀದಿ ತುಂಬಿತು. ವಯಸ್ಸಾಗಿತ್ತು ಬಿಡಿ, ಶಿವನ ಪಾದ ಸೇರಿದರು ಎಂದರು ಒಬ್ಬರು. ಗುಂಡಿ ತೆಗೆಯೋಕೆ ಆಳು ಕಳಿಸಲಾ ಎಂದರು ಇನ್ನೊಬ್ಬರು. ಶಂಖ ಕೇಳಿಸದ ಸಿದ್ದಗಂಗಮ್ಮ ಹೊರಗೆ ಬಂದು ಜನ ನೋಡಿ ಹೌಹಾರಿ, "ಯಾರು ಹೋದ್ರಪ್ಪ?" ಎಂದು ಕೇಳಿದಳು. ಎಲ್ಲರೂ ಅವಳನ್ನೇ ನೋಡಿದರು. ಹೋದವರು ತಾನೇ ಎಂದು ಗೊತ್ತಾದ ಮೇಲೆ ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದಳು.

ಸಾವಿಗೆಂದು ಬಂದವರು ಬರಿಗೈಲಿ ಹಿಂದಿರುಗುವುದು ಹೇಗೆ? ಕೂಸನ್ನು ಎಚ್ಚರವಾಗಿಡುವುದಕ್ಕೆ ಎಲ್ಲರೂ ನಿಂತರು. ಕೈಯಿಂದ ಕೈಗೆ ದಾಟಿ, ಹತ್ತಾರು ಮೀಸೆ ಗಡ್ಡ ಸೋಕಿ, ಕೂಸು ಕೊನೆಗೂ ಎದ್ದಿತು. ಎದ್ದದ್ದು ಕಿರುಚಿದ ರಭಸಕ್ಕೆ ಊರ ಬೆಟ್ಟ ಮಾರ್ದನಿಸಿತು. ಆಮೇಲೆ ಹಾಲು ಕುಡಿದಷ್ಟು ಹೊತ್ತು ಬಿಟ್ಟರೆ ಸಂಜೆಯವರೆಗೂ ಅದನ್ನು ಯಾರೂ ಮಲಗಗೊಡಲಿಲ್ಲ. ಅದರ ಗೋಳು ನೋಡಿ ರೇಣುಕಯ್ಯನಿಗೇ ಅಳು ಬಂತು. ಆದರೂ ತಡೆಯಲಿಲ್ಲ.

ಆ ಗುಂಪಿನಲ್ಲಿ ವಕೀಲ ವೃಷಭೇಂದ್ರಪ್ಪನವರೂ ಇದ್ದರು. ಗುಮಾಸ್ತನ ತಾಯಿ ತೀರಿಕೊಂಡರೆಂದು ಕೇಳಿ ಕೋಟು ರುಮಾಲು ಹಾಕಿಕೊಂಡು ಬಂದಿದ್ದವರು, ನಿಜ ತಿಳಿದ ಮೇಲೂ ಕೋಪಿಸಿಕೊಳ್ಳಲಿಲ್ಲ. ಜಗಲಿಯ ಮೇಲೆ ಕೂತು, ನೀರು ಎಷ್ಟು ಹೊತ್ತಿಗೆ, ಹೊಗೆ ಎಷ್ಟು, ಬೆಳಕು ಎಷ್ಟು ಎಂದು ಸಾಕ್ಷಿಯನ್ನು ಕೇಳುವ ಹಾಗೆ ಒಂದೊಂದೇ ಕೇಳಿ ತಿಳಿದುಕೊಂಡರು. ಇಷ್ಟು ಒಳ್ಳೆಯ ಯಜಮಾನರನ್ನು ಮನಸ್ಸಿನಲ್ಲಿ ಬೈದುಕೊಂಡೆನಲ್ಲ ಎಂದು ರೇಣುಕಯ್ಯ ನೊಂದುಕೊಂಡ.

ದೀಪ ಹಚ್ಚಿದ ಮೇಲೆ ಅಮೀರ್ ಬಿ ಬಂದು ಎಣ್ಣೆ ತಿಕ್ಕಿ ನೀರು ಹಾಕಿ ಹೊಗೆ ಕೊಟ್ಟಳು. ಎಂಟು ಗಂಟೆಗೆ ಕೂಸು ಮಲಗಿತು. ಒಂಬತ್ತಾಯಿತು, ಏಳಲಿಲ್ಲ. ಮನೆಯಲ್ಲಿ ಇಪ್ಪತ್ತೈದು ದಿನದಿಂದ ಕೇಳದಿದ್ದ ಮೌನ. ರೇಣುಕಯ್ಯ ಚಾಪೆ ಬಿಡಿಸಿ, ಒಂದು ಕಾಲು ಚಾಚಿ, ಇನ್ನೊಂದನ್ನು ಚಾಚುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಲಾಟೀನು ಹಿಡಿದು ವಕೀಲರೇ ನಿಂತಿದ್ದರು. "ನನ್ನ ಮಗಳು ಬಾಣಂತನಕ್ಕೆ ಬಂದು ತಿಂಗಳಾಯ್ತು ರೇಣುಕಯ್ಯ. ನಾನು ರಾತ್ರಿ ನಿದ್ದೆ ಮಾಡಿಯೂ ತಿಂಗಳಾಯ್ತು. ನಾಳೆ ವಾದ ಮಾಡಬೇಕಾದವನು ನಾನು. ವಿದ್ಯೆ ಬಲ್ಲವನು ನೀನು. ಬಾ."

ವಕೀಲರ ಮನೆಯ ಕೂಸಿಗೆ ಹಗಲು ಕಲಿಸುವವರು ಯಾರೂ ಇರಲಿಲ್ಲ. ದಿನವಿಡೀ ಹಾಯಾಗಿ ಮಲಗಿ ಎದ್ದಿದ್ದ ಅದು ಕೋಳಿ ಕೂಗುವವರೆಗೂ ಅತ್ತಿತು. ರೇಣುಕಯ್ಯ ತೂಗಿದ, ಎತ್ತಿಕೊಂಡ, ಜೋಗುಳ ಮುಗಿದ ಮೇಲೆ ಕ್ರಯಪತ್ರದ ಒಕ್ಕಣೆಯನ್ನೇ ರಾಗವಾಗಿ ಹಾಡಿದ. ಅಟ್ಟದ ಮೇಲಿನಿಂದ ವಕೀಲರ ಗೊರಕೆ ಸಣ್ಣಗೆ ಕೇಳುತ್ತಿತ್ತು.

ಸೋಮವಾರ ವೃಷಭೇಂದ್ರಪ್ಪನವರು ಹುಲಿಯ ಹಾಗೆ ವಾದ ಮಾಡಿದರು. ನಡುವೆ ಕ್ರಯಪತ್ರಕ್ಕೆಂದು ಹಿಂದಕ್ಕೆ ಕೈ ಚಾಚಿದರು. ಕೈಗೆ ಏನೂ ಬರಲಿಲ್ಲ. ಕಾಗದದ ಕಟ್ಟಿನ ಮೇಲೆ ತಲೆಯಿಟ್ಟಿದ್ದ ರೇಣುಕಯ್ಯನ ಗೊರಕೆಗೆ ಮುನ್ಸೀಫರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು.

ಹೊರಗೆ ಹೊಂಗೆ ಮರದ ಕೆಳಗೆ ವಿಚಾರಣೆ ನಡೆಯಿತು.

"ರಾತ್ರಿಯೆಲ್ಲ ನಿಮ್ಮ ಮನೇಲೇ ಎದ್ದಿದ್ನಲ್ಲ ಸ್ವಾಮಿ" ಎಂದ ರೇಣುಕಯ್ಯ.

"ರಾತ್ರಿ ಎದ್ದಿದ್ದು ನಮ್ಮನೆ ವಿಷಯ. ಹಗಲು ಮಲಗಿದ್ದು ಕೋರ್ಟಿನ ವಿಷಯ. ಒಂದಕ್ಕೊಂದು ಗಂಟು ಹಾಕಬೇಡ." ಆಮೇಲೆ ಅವನ ಮುಖ ನೋಡಿ ವಕೀಲರ ಮನಸ್ಸು ಕರಗಿತು. "ಗುಮಾಸ್ತಿಕೆಗೆ ಬೇರೆಯವರನ್ನ ನೋಡ್ಕೋತೀನಿ. ನೀನು ದೀಪ ಹಚ್ಚೋ ಹೊತ್ತಿಗೆ ನಮ್ಮನೆಗೆ ಬಾ. ತೊಟ್ಟಿಲು ನೋಡ್ಕೋ. ಸಂಬಳ ಅದೇ. ಹಗಲೆಲ್ಲ ಮನೇಲಿ ಮಲಗು."

ಹತ್ತು ವರ್ಷ ಕಡತ ಹಿಡಿದ ಕೈಗೆ ತೊಟ್ಟಿಲ ಹಗ್ಗ! ರೇಣುಕಯ್ಯನಿಗೆ ನಾಚಿಕೆಯಿಂದ ಕಣ್ಣು ಕತ್ತಲಿಟ್ಟಿತು. ಆದರೆ ಕೊನೆಯ ಮಾತು ನಿಧಾನವಾಗಿ ಕಿವಿಗಿಳಿಯಿತು. ಹಗಲೆಲ್ಲ ಮಲಗು. ಮಾನ ಹೋದರೆ ಹೋಗಲಿ, ನಿದ್ದೆ ಬಂತಲ್ಲ ಎಂದುಕೊಂಡು ಮನೆಗೆ ಓಡಿದ.

ಮನೆಯಲ್ಲಿ ಕಿಟಕಿಯ ಕಂಬಳಿ ಮಾಯವಾಗಿತ್ತು. ಬಿಸಿಲು ನೇರ ತೊಟ್ಟಿಲಿಗೆ ಬೀಳುತ್ತಿತ್ತು. ಅರ್ಧ ಬೀದಿ ಒಳಗೆ ಕೂತು ಒಂದೇ ಸಮನೆ ಮಾತಾಡುತ್ತಿತ್ತು, ಕೂಸು ಅವರೆಲ್ಲರ ಮೇಲೆ ದನಿಯೆತ್ತಿ ಅಳುತ್ತಿತ್ತು. ಸಿದ್ದಗಂಗಮ್ಮನ ಮುಖದಲ್ಲಿ ಗೆದ್ದ ಕಳೆ.

"ನಿನ್ ಮಾತೇ ಸರಿ ಕಣ್ಲಾ. ರಾತ್ರಿಯೆಲ್ಲ ಒಂದೇ ಕಿತ ಎದ್ದು, ಹಾಲು ಕುಡ್ದು ಮಲೀಕಂತಂತೆ. ಬೆಳಗ್ಗಿಂದ ಕಣ್ಣು ಮುಚ್ಚಕ್ಕೆ ನಾವು ಬುಟ್ಟಿಲ್ಲ. ಇನ್ಮ್ಯಾಲೆ ದಿನಾ ಹಿಂಗೇ" ಎಂದು ಕೂಸನ್ನು ಮಗನ ಕೈಗೆ ಹಾಕಿದಳು. "ನಮ್ಗೂ ಸಾಕಾಗೈತೆ. ನೀನು ಬಂದ್ಯಲ್ಲ, ಹಿಡ್ಕ. ದೀಪ ಹಚ್ಚೋಗಂಟ ಮಲಗಕ್ಕೆ ಬುಡಬ್ಯಾಡ."

ರೇಣುಕಯ್ಯ ಕೂಸನ್ನು ಎತ್ತಿಕೊಂಡು ಜಗಲಿಗೆ ಬಂದ. ದೀಪ ಹಚ್ಚುವ ಹೊತ್ತಿಗೆ ಅವನು ವಕೀಲರ ಮನೆಯಲ್ಲಿರಬೇಕಾಗಿತ್ತು.