ತಾಮ್ರದ ತಂಬಿಗೆಯ ಚಿಕಿತ್ಸೆ

ಮಾರ್ಸ್ಡನ್ ಪಾರ್ಕ್ ಬಡಾವಣೆಯ ಆಕಾಶಕ್ಕೆ ಮಹಾಶ್ವೇತಾಳ ಮೇಲೆ ಯಾವುದೋ ಹಳೆಯ ಸಿಟ್ಟಿರಬೇಕು. ಇಲ್ಲದಿದ್ದರೆ ನವೆಂಬರ್ ಮುಗಿಯುವವರೆಗೂ ಎಲ್ಲೋ ಅಡಗಿ ಕೂತಿದ್ದ ಮೋಡಗಳು, ಅವಳ ಒಂಬತ್ತು ಟೊಮ್ಯಾಟೊ ಗಿಡಗಳು ಹೂಬಿಟ್ಟ ಮಾರನೆಯ ದಿನವೇ ಬಂದು ಬಿಡಾರ ಹೂಡುತ್ತಿದ್ದವೇ? ಡಿಸೆಂಬರ್ ಎಂದರೆ ಸಿಡ್ನಿಯಲ್ಲಿ ಬೇಸಿಗೆ. ಈ ವರ್ಷ ಆ ಬೇಸಿಗೆ ಹಿಂಡದ ಟವೆಲಿನಂತೆ ಊರಿನ ಹೆಗಲ ಮೇಲೆ ಬಿದ್ದಿತ್ತು. ಒಗೆದ ಬಟ್ಟೆ ಒಣಗಲಿಲ್ಲ. ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಯಿತು. ಗಂಡ ವಿರುಪಾಕ್ಷನೂ ಮೆತ್ತಗಾದ (ಅವನು ಬಿಸಿಲಿದ್ದರೂ ಹಾಗೆಯೇ).

ಗಿಡಗಳೆಂದರೆ ಬರೀ ಗಿಡಗಳಲ್ಲ, ಅವು ಅವಳ ಮರ್ಯಾದೆ. ಹಿಂದಿನ ಸಂಕ್ರಾಂತಿಗೆ ಮೆಲ್ಬೋರ್ನ್‌ನಲ್ಲಿರುವ ನಾದಿನಿ ಸಂಧ್ಯಾರಾಣಿ, ಬುಟ್ಟಿ ತುಂಬ ಟೊಮ್ಯಾಟೊವನ್ನು ಕೂಸಿನಂತೆ ಎತ್ತಿಕೊಂಡ ಫೋಟೊ ಕಳಿಸಿ, ಕೆಳಗೆ ಒಂದು ಸಾಲು ಬರೆದಿದ್ದಳು: ‘ವೈನಿ, ನಿಮ್ಮ ಸಿಡ್ನಿ ಮಣ್ಣಾಗ ಇವು ಬರೂದಿಲ್ಲ ಬಿಡ್ರಿ.’

ಆ ‘ಬಿಡ್ರಿ’ ಸಜ್ಜೆ ತೆನೆಯ ಸುಂಕು ಕುಪ್ಪಸದೊಳಗೆ ಹೊಕ್ಕಂತೆ ವರ್ಷವಿಡೀ ಚುಚ್ಚಿತು. ಅಕ್ಟೋಬರಿನಲ್ಲಿ ಸಸಿ ನೆಟ್ಟ ದಿನವೇ ಮಹಾಶ್ವೇತಾ ಫೋನ್ ಹಚ್ಚಿದಳು.

“ಸಂಧ್ಯಾ, ಈ ಸಂಕ್ರಾಂತಿಗೆ ನೀನ ಬಾ. ಸಜ್ಜಿ ರೊಟ್ಟಿ ಜೋಡಿ ನನ್ನ ಹಿತ್ತಲದ ಟಮಾಟಿ ಚಟ್ನಿ ಬಡಸ್ತೇನಿ. ಅಂಗಡಿ ಟಮಾಟಿ ಒಂದ ಒಂದು ನನ್ನ ಮನಿ ಹೊಸ್ತಿಲಾ ದಾಟಿದ್ರ ನಾ ಹುಬ್ಬಳ್ಳ್ಯಾಕಿ ಅಲ್ಲ!”

ಅತ್ತ ಸಂಧ್ಯಾರಾಣಿ ಅಂದೇ ವಿಮಾನದ ಟಿಕೆಟ್ ಬುಕ್ ಮಾಡಿದಳು. ಅಗ್ಗದ ಟಿಕೆಟ್. ರದ್ದು ಮಾಡಲು ಬರುವಂಥದ್ದಲ್ಲ.

ಸಸಿಗಳು ಹತ್ತಿದ್ದವು. ಹತ್ತನೆಯದು ಸೊರಗಿ ನೂಲಿನಂತಿತ್ತು. “ಇದನ್ನ ಒಗೀರಿ,” ಎಂದಿದ್ದಳು. ಎಸೆಯಲು ಮನಸ್ಸು ಬಾರದ ವಿರುಪಾಕ್ಷ ಅದನ್ನು ತೂತು ಬಿದ್ದ ಹಳೆಯ ಬಕೆಟ್ಟಿನಲ್ಲಿ ನೆಟ್ಟು, ಪಕ್ಕದ ಗೇಟಿನ ಬಳಿ, ಕಸದ ಬಿನ್ನುಗಳ ಆಚೆ, ಸೂರಿನ ಕೆಳಗೆ ಇಟ್ಟು ಮರೆತ. ಅವನು ಮರೆಯುವುದರಲ್ಲಿ ಎಷ್ಟು ನಿಷ್ಣಾತನೆಂದರೆ, ಮರೆತಿದ್ದೇನೆ ಎನ್ನುವುದೂ ಅವನಿಗೆ ನೆನಪಿರುತ್ತಿರಲಿಲ್ಲ.

ಮಳೆ ಹಿಡಿದ ಎರಡನೆಯ ವಾರ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆಗಳು ಮೂಡಿದವು. ಚುಕ್ಕೆಯ ಸುತ್ತ ಬಳೆಯಂಥ ಗೆರೆಗಳು, ಗೆರೆಯ ಸುತ್ತ ಹಳದಿ. ಮಹಾಶ್ವೇತಾ ಒಂದು ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಗಂಡನನ್ನು ಕರೆದುಕೊಂಡು ನರ್ಸರಿಗೆ ಧಾವಿಸಿದಳು. ಅಲ್ಲಿನ ಮುದುಕ ಎಲೆಯನ್ನು ತಿರುವಿ ನೋಡಿ, ಇದು ಬ್ಲೈಟ್ ರೋಗ, ಒದ್ದೆ ಬೇಸಿಗೆಯಲ್ಲಿ ಬರುತ್ತದೆ, ಇದಕ್ಕೆ ತಾಮ್ರ ಒಳ್ಳೆಯದು ಎಂದ.

ತಾಮ್ರ! ಅವಳ ಮುಖ ಬೆಳಗಿತು. ಅವನು ಕಪಾಟಿನಲ್ಲಿದ್ದ ಔಷಧಿ ಡಬ್ಬಿಗಳ ಕಡೆ ಕೈ ತೋರಿಸಿ ಇನ್ನೂ ಏನೋ ಹೇಳುತ್ತಲೇ ಇದ್ದ. ಅವಳಾಗಲೇ ಕಾರಿನ ಬಳಿ ಇದ್ದಳು.

“ಆಂವಾ ಇನ್ನೂ ಹೇಳಾಕತ್ತಿದ್ದ,” ಎಂದ ವಿರುಪಾಕ್ಷ, ಸೀಟ್‌ ಬೆಲ್ಟ್ ಹಾಕಿಕೊಳ್ಳುತ್ತ.

“ಆಂವಾ ಏನ್ ಹೇಳ್ತಾನ್ರೀ? ತಾಮ್ರದ ಮಹಿಮಾ ನಮ್ಮ ಅಜ್ಜಿಗೆ ಗೊತ್ತಿರಲಿಲ್ಲೇನು? ರಾತ್ರಿ ತಂಬಗಿ ತುಂಬಿಡಾಕಿ, ಮುಂಜಾನೆ ಕುಡ್ಯಾಕಿ. ತೊಂಬತ್ತಾರು ವರ್ಷ ಬದುಕಿದ್ಲು. ಒಂದ್ ಚುಕ್ಕಿ ಮೈಮ್ಯಾಲೆ ಎದ್ದಿದ್ದಿಲ್ಲ!”

“ಅಜ್ಜಿ ಟಮಾಟಿ ಗಿಡಾ ಅಲ್ಲಲೇ.”

“ನೀವು ಸುಮ್ಕಿರ್ರಿ.”

ಅವನು ಕಾರಿನ ಕೀಲಿ ತಿರುಗಿಸಿದ.

ಅಂದಿನಿಂದ ಮಹಾಭಿಷೇಕ ಶುರುವಾಯಿತು. ಇರುಳಿಡೀ ತಾಮ್ರದ ತಂಬಿಗೆಯಲ್ಲಿ ನೆನೆದ ನೀರು ಬೆಳಿಗ್ಗೆ ಒಂದು ಸಲ, ಹಗಲಿಡೀ ನೆನೆದದ್ದು ಸಂಜೆ ಇನ್ನೊಂದು ಸಲ, ಗಿಡಗಳ ನೆತ್ತಿಯ ಮೇಲೆ. ಒಂದೊಂದು ಎಲೆಗೂ ಬೆರಳಿನಿಂದ ಚಿಮುಕಿಸಿ, ಕೂಸಿಗೆ ಎರೆದಂತೆ ಎರೆದಳು. ಮಗಳು ಆದ್ಯಾ ಅದನ್ನು ವಿಡಿಯೊ ಮಾಡಿದಳು. ವಿಡಿಯೊ ‘ಸಿಡ್ನಿ-ಮೆಲ್ಬೋರ್ನ್ ಹಿತ್ತಲ ಗೆಳತಿಯರು’ ಗ್ರೂಪಿಗೆ ಹೋಯಿತು. ಟೂಂಗಾಬಿಯ ಅನಘಾ ಕೂಡಲೇ ಬರೆದಳು: ‘ಸೂಪರ್ ಮಹಾ! ಅಟ್ಟದ ಮೇಲಿಂದ ಅಮ್ಮನ ತಂಬಿಗೆ ಇಳಿಸ್ತಾ ಇದೀನಿ!’ ಅರ್ಧ ಗಂಟೆಯಲ್ಲಿ ನಲವತ್ತೊಂದು ಮಂದಿ ಕೈಮುಗಿದಿದ್ದರು.

ಇನ್ನು ಉಳಿದ ಶತ್ರು ಮಳೆ. ವಿರುಪಾಕ್ಷ ಕನ್ನಡ ಸಂಘದ ಕಮಿಟಿಯಲ್ಲಿದ್ದುದರಿಂದ ಸಂಘದ ಗೆಜಿಬೊ, ಅಂದರೆ ಹಬ್ಬಗಳಿಗೆ ಹಾಕುವ ಬಟ್ಟೆಯ ಮಡಚು ಚಪ್ಪರ, ಅವನ ಗ್ಯಾರೇಜಿನಲ್ಲಿತ್ತು. ಮಹಾಶ್ವೇತಾ ಅದನ್ನು ಎಳೆದು ತಂದು ಗಿಡಗಳ ಮೇಲೆ ನಿಲ್ಲಿಸಿದಳು. ಅದರ ಹಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಸರ್ವರಿಗೂ ಸ್ವಾಗತ’ ಎಂದಿತ್ತು. (ರೋಗವು ಓದುಬರಹ ಬಲ್ಲದ್ದು ಎಂದು ಆಮೇಲೆ ತಿಳಿಯಿತು.)

ಚಾಟ್ಸ್‌ವುಡ್‌ನ ಆಫೀಸಿನಿಂದ ಬಂದ ವಿರುಪಾಕ್ಷ ಗೆಜಿಬೊ ನೋಡಿ ಬಾಗಿಲಲ್ಲೇ ನಿಂತ.

“ಮ್ಯಾಲಿನ ಮಳಿ ತಡೀತಿ, ಕೆಳಗ ನೀನ ಮಳಿ ಸುರಿಸ್ತಿ. ಇದ್ಯಾವ ನ್ಯಾಯ?”

“ಮಳಿ ನೀರು ಬ್ಯಾರೆ. ತಂಬಗಿ ನೀರು ಬ್ಯಾರೆ.”

“ಎಲಿಗೆ ಗೊತ್ತಾಗ್ತೈತೇನು?”

“ಗೊತ್ತಾಗದಿದ್ರ ನಾ ತಿಳಿಸಿ ಹೇಳ್ತೇನಿ!”

ಎಲೆಗಳು ಅವಳ ಮಾತು ಕೇಳಲಿಲ್ಲ. ಕಪ್ಪು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತಿದಂತೆ ಹತ್ತಿತು. ಅವಳು ಜಗ್ಗಲಿಲ್ಲ, ತಂಬಿಗೆ ಎರಡಾದವು, ಮೂರಾದವು. ಜನವರಿಯ ಎರಡನೆಯ ವಾರ, ಕೊನೆಯ ಗಿಡದ ಕೊನೆಯ ಕಾಯಿಯ ಮೇಲೂ ಕಂದು ಕಲೆ ಕಂಡಾಗ, ಅವಳು ಗೆಜಿಬೊ ಕೆಳಗೆ ಬಹಳ ಹೊತ್ತು ನಿಂತಿದ್ದಳು. ಬಟ್ಟೆಯ ಮೇಲೆ ಮಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಆಮೇಲೆ ಒಂಬತ್ತೂ ಗಿಡಗಳನ್ನು ಬೇರು ಸಮೇತ ಕಿತ್ತು, ಕಪ್ಪು ಚೀಲಗಳಲ್ಲಿ ಕಟ್ಟಿ, ಬಿನ್ನಿಗೆ ಹಾಕಿ ಬರಲು ಗಂಡನ ಕೈಗೆ ಕೊಟ್ಟಳು. ಕಣ್ಣಿನಲ್ಲಿ ನೀರು ಬರಲಿಲ್ಲ. ಸುತ್ತ ಅಷ್ಟೊಂದು ನೀರಿರುವಾಗ ತನ್ನದೂ ಯಾಕೆ ಎಂದುಕೊಂಡಳು.

“ಅರ್ಧ ಕಿಲೊ ತರ್ಲೇನು?” ವಿರುಪಾಕ್ಷ ದನಿ ತಗ್ಗಿಸಿ ಕೇಳಿದ. “ಸ್ಟಿಕರ್ ಕಿತ್ತಿ, ಮಣ್ಣು ಸವರಿದ್ರ ಸಂಧ್ಯಾಗ ಗೊತ್ತಾಗಂಗಿಲ್ಲ.”

“ನನಗ ಗೊತ್ತಾಗತೈತಿ! ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ಐತಿ, ಮಸರೈತಿ. ರೊಟ್ಟಿ ತಿನ್ನಾಕ ಬರ್ಲಿ. ನಾ ಹುಬ್ಬಳ್ಳ್ಯಾಕಿ ಅದೇನಿ, ಹುಬ್ಬಳ್ಳ್ಯಾಕಿ ಆಗೇ ಇರ್ತೇನಿ!”

ಸಂಕ್ರಾಂತಿಯ ಬೆಳಿಗ್ಗೆ ಸಂಧ್ಯಾರಾಣಿ ಬಂದಳು. ಟ್ಯಾಕ್ಸಿಯವನು ಪಕ್ಕದ ಗೇಟಿಗೆ ಇಳಿಸಿದ್ದರಿಂದ ಬಿನ್ನುಗಳನ್ನು ದಾಟಿಕೊಂಡೇ ಬರಬೇಕಾಯಿತು. ಒಳಗೆ ರೊಟ್ಟಿ ತಟ್ಟುತ್ತಿದ್ದ ಮಹಾಶ್ವೇತಾಳಿಗೆ ಮೊದಲು ಕೇಳಿಸಿದ್ದು ಅವಳ ಕಿರುಚಾಟ.

“ಅಣ್ಣಾ! ಏ ಅಣ್ಣಾ! ಇದು ಯಾರ್ದೋ?”

ಎಲ್ಲರೂ ಓಡಿದರು. ಸೂರಿನ ಕೆಳಗೆ, ತೂತು ಬಕೆಟ್ಟಿನಲ್ಲಿ, ಎದೆಮಟ್ಟ ಬೆಳೆದ ಗಿಡ. ಎಲೆಗಳು ಹಸಿರು, ಚೊಕ್ಕ. ಹನ್ನೊಂದು ಕೆಂಪು ಹಣ್ಣು, ಕಾಯಿಗಳಿಗೆ ಲೆಕ್ಕವಿಲ್ಲ.

“ನಂದು… ಇರಬೇಕು,” ಎಂದ ವಿರುಪಾಕ್ಷ, ಕದ್ದವನಂತೆ.

“ಏನ್ ಹಾಕಿದ್ಯೋ ಇದಕ್ಕ?”

“ಏನೂ ಇಲ್ಲ. ರಾತ್ರಿ ಬಿನ್ ಹೊರಗ ಇಡೂ ಮುಂದ ನೆನಪಾದ್ರ, ಕತ್ತಲಾಗ ಬುಡಕ್ಕ ಒಂದ್ ಚೊಂಬು ನೀರು. ಹಣ್ಣಾಗಿದ್ದು ನಾನೂ ನೋಡಿಲ್ಲ. ಆ ನರ್ಸರಿ ಮುದುಕ ಹೇಳಿದ್ನಲ್ಲಾ, ಎಲಿ ತೋಯಿಸಬ್ಯಾಡ್ರಿ, ತೋಯ್ದ್ರ ರೋಗ ಹಬ್ಬತೈತಿ ಅಂತ.”

ಮಹಾಶ್ವೇತಾ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟಳು. “ಮತ್ತ ನನಗ್ಯಾಕ ಹೇಳ್ಲಿಲ್ಲ?”

“ಹೇಳಾಕ ಬಂದ್ನಲ್ಲ. ನೀ ಅಜ್ಜಿ ಕಥಿ ಚಾಲೂ ಮಾಡಿದಿ.”

ಸಂಧ್ಯಾರಾಣಿ ಅಲ್ಲೇ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಳು. “ಎಲಿ ತೋಯಿಸಬಾರ್ದಾ? ವೈನಿ! ನಿಮ್ಮ ವಿಡಿಯೊ ಮೂರು ಸಲ ನೋಡೇನಿ. ದಿನಾ ಎರಡ್ ಹೊತ್ತು ಜಳಕಾ ಮಾಡಿಸೇನಿ. ನನ್ನ ಹನ್ನೆರಡೂ ಗಿಡಾ ಹೋದು. ನಾಚಿಕಿಗೆ ನಾ ಹೇಳೂದಾ ಬಿಟ್ಟಿದ್ದೆ!”

ಆ ಹೊತ್ತಿಗೇ ಮಹಾಶ್ವೇತಾಳ ಫೋನು ಟಣ್ ಎಂದಿತು. ಅನಘಾ: ‘ಮಹಾ, ನನ್ನ ಗಿಡ ಎಲ್ಲಾ ಹೋಯ್ತು ಕಣೆ. ತಂಬಿಗೆ ಇನ್ನೂ ದೊಡ್ಡದು ಬೇಕಿತ್ತಾ?’ ಹಿಂದೆಯೇ ಇನ್ನೊಂದು ಟಣ್, ಮತ್ತೊಂದು. ಎರಡೂ ಊರುಗಳಿಂದ ಕಪ್ಪು ಎಲೆಗಳ ಫೋಟೊಗಳು ಸಾಲುಗಟ್ಟಿ ಬಂದವು, ಒಂದೊಂದರ ಪಕ್ಕದಲ್ಲೂ ಥಳಥಳಿಸುವ ಒಂದು ತಂಬಿಗೆ.

ಮಧ್ಯಾಹ್ನ ಸಜ್ಜೆ ರೊಟ್ಟಿಯ ಜೊತೆ ಟೊಮ್ಯಾಟೊ ಚಟ್ನಿ ಬಂತು. ಅಂಗಡಿಯ ಒಂದು ಹಣ್ಣೂ ಹೊಸ್ತಿಲು ದಾಟಿರಲಿಲ್ಲ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು.

“ಅಣ್ಣನ ಟಮಾಟಿ ಭಾಳ ರುಚಿ,” ಎಂದಳು ಸಂಧ್ಯಾರಾಣಿ.

“ಅಣ್ಣನ ಅಂದ್ರ?” ಮಹಾಶ್ವೇತಾ ಚಟ್ನಿಯ ಸೌಟು ಮೇಲೆತ್ತಿದಳು. “ಬೀಜ ನಂದು. ಬಕೆಟ್ ನಂದು. ನಿನ್ನ ಅಣ್ಣನೂ ನನ್ನಾಂವ. ಟಮಾಟಿ ಯಾರ್ದಾತು?”

ಆದರೆ ಊಟ ಮುಗಿಯುವುದರೊಳಗೆ ಸಂಧ್ಯಾರಾಣಿ ಬಕೆಟ್ಟನ್ನು ಅಪ್ಪಿ ನಿಂತ ಅಣ್ಣನ ಫೋಟೊವನ್ನು ಗ್ರೂಪಿಗೆ ಹಾಕಿಯಾಗಿತ್ತು. ಸಂಜೆಯ ಹೊತ್ತಿಗೆ, ಹಿತ್ತಲ ಗೆಳತಿಯರ ಬಳಗಕ್ಕೆ ಮೊದಲ ಗೆಳೆಯನಾಗಿ ವಿರುಪಾಕ್ಷ ಸೇರಿಕೊಂಡಿದ್ದ. ಯುಗಾದಿ ಕಾರ್ಯಕ್ರಮದಲ್ಲಿ ಅವನ ಉಪನ್ಯಾಸವೂ ನಿಕ್ಕಿಯಾಗಿತ್ತು. ಸ್ಥಳ: ಅದೇ ಗೆಜಿಬೊ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮಳೆ ನಿಂತಿತ್ತು. ಮಹಾಶ್ವೇತಾ ತಂಬಿಗೆ ಹಿಡಿದು ಸದ್ದಿಲ್ಲದೆ ಪಕ್ಕದ ಗೇಟಿನ ಬಳಿ ಬಂದಳು. ಹಿಂದೆ ಮುಂದೆ ನೋಡಿದಳು. ಬಗ್ಗಿ, ಎಲೆಗಳನ್ನು ಒಂದು ಕೈಯಿಂದ ಮೆಲ್ಲಗೆ ಸರಿಸಿ, ಬುಡಕ್ಕೆ, ಬರೀ ಬುಡಕ್ಕೆ, ನೀರು ಬಗ್ಗಿಸಿದಳು. ಒಂದು ಹನಿಯೂ ಎಲೆಗೆ ತಾಗಲಿಲ್ಲ.

ಮೇಲಿನ ಕಿಟಕಿ ತೆರೆಯಿತು. “ಅಮ್ಮಾ! ಆರ್ ಯು ವಾಟರಿಂಗ್ ಡ್ಯಾಡ್ಸ್ ಪ್ಲಾಂಟ್?”

“ಇಲ್ಲ,” ಎಂದಳು ಮಹಾಶ್ವೇತಾ, ತಲೆಯೆತ್ತದೆ. “ತಂಬಗಿ ತೊಳ್ಯಾಕತ್ತೇನಿ.”