ಹೂಂ ಅನ್ನುವವರೆಗೆ ನಿಲ್ಲುವ ಕುದುರೆ

ನನ್ನ ತಮ್ಮ ಅರವತ್ತೆಂಟನೇ ವಯಸ್ಸಿನಲ್ಲಿ ಕುದುರೆ ಸವಾರಿ ಕಲಿತ! ನಂಬುವುದಿಲ್ಲವೇ? ಬನಹಟ್ಟಿಯ ನಮ್ಮ ಓಣಿಗೆ ಬನ್ನಿ. ಮೇವು ಬೇಡ, ಲದ್ದಿ ಎತ್ತುವ ಕೆಲಸವಿಲ್ಲ. ಕರೆಂಟ್ ಇದ್ದರೆ ಸಾಕು, ಕುದುರೆ ಓಡುತ್ತದೆ.

ಜಮಖಂಡಿಯಲ್ಲಿ ಕಾಲೇಜು ಕಲಿಯುವ ಅವನ ಮೊಮ್ಮಗಳು ತನ್ನ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಿದ್ದಾಳೆ. ಆಟದೊಳಗೊಬ್ಬ ಸವಾರ. ಅವನು ಹಳ್ಳಿ ದಾಟಿ, ಗುಡ್ಡ ಹತ್ತಿ, ಕೋಟೆಯ ಬಾಗಿಲು ತಟ್ಟಬೇಕು. ಬೇರೆಯವರಿಗೆ ಎರಡು ದಿನದ ದಾರಿಯಂತೆ. ನಮ್ಮವನು ಹೊರಟು ಎಂಟು ತಿಂಗಳಾಯಿತು, ಇನ್ನೂ ಹಳ್ಳಿಯಲ್ಲೇ ಇದ್ದಾನೆ!

ಮೊದಲಿಗೆ ಗೋಧಿ ಹೊಲ ಅಡ್ಡ ಬಂತು. "ಅಜ್ಜಾ, ನಟ್ಟನಡುವ ಹಾಯಿಸು, ಏನೂ ಆಗೂದಿಲ್ಲ" ಅಂದಳು ಮೊಮ್ಮಗಳು.

"ನಿಂತ ಬೆಳಿಯಾಗ ಕುದರಿ ಹಾಯಿಸು ಅಂತ ನಮ್ಮಪ್ಪ ಕಲಿಸಿಲ್ಲವ್ವ" ಎಂದವನೇ ಬದು ಹಿಡಿದು ಊರೆಲ್ಲ ಸುತ್ತು ಹಾಕಿದ. ಹಿಪ್ಪರಗಿಯ ಸೋದರಮಾವನ ಕಬ್ಬಿಗೆ ಎಮ್ಮೆ ಬಿಟ್ಟು ಏಟು ತಿಂದವನು ಇವನೇ!

ಹೊಳೆ ಕಂಡಲ್ಲೆಲ್ಲ ಕುದುರೆಯನ್ನು ನೀರಿಗೆ ಬಿಡುತ್ತಾನೆ. ಅದು ಕುಡಿಯುವುದಿಲ್ಲ. "ಯಾಕೋ ಸಿಟ್ಟಿಗೆದ್ದೈತಿ" ಎನ್ನುತ್ತಾನೆ.

ಪಕ್ಕದ ಮನೆಯ ನಿವೃತ್ತ ಮಾಸ್ತರರಿಗೆ ಇದು ಸಹಿಸದು. "ಕತಿ ಅನ್ನೂದು ಪುಸ್ತಕದಾಗ ಇರ್ತೈತಪಾ. ಭಾಳ ಅಂದ್ರ ಸಿನಿಮಾದಾಗ. ಇದು ಬರೇ ಗುಂಡಿ ಒತ್ತೂ ಆಟ."

"ಅಲ್ರಿ ಮಾಸ್ತರ, ನಾ ಚಾ ಕುಡ್ಯಾಕ ಎದ್ರ ನಿಮ್ಮ ಸಿನಿಮಾದ ಹೀರೊ ನಿಲ್ತಾನೇನ್ರಿ? ಇಂವ ನಿಲ್ತಾನ. ನಮ್ಮಕ್ಕನ ಕತಿ ಇದ್ದಂಗ. ಹೂಂ ಅನ್ನೂತನಕ ಮುಂದ ಹೋಗೂದಿಲ್ಲ."

ನನ್ನನ್ನೂ ನಡುವೆ ಎಳೆದು ತಂದನಲ್ಲ! ಆದರೆ ಸುಳ್ಳಲ್ಲ. ಇವನು ಚಿಕ್ಕವನಿದ್ದಾಗ ಕಥೆ ಹೇಳಿ ಮಲಗಿಸುತ್ತಿದ್ದವಳು ನಾನು. ಕೇಳುವವರು ಹೂಂ ಅಂದರೇ ಹೇಳುವವರು ಮುಂದುವರಿಯುವುದು, ಅದು ನಮ್ಮ ಕಡೆಯ ಪದ್ಧತಿ. ಹೂಂ ನಿಂತರೆ, ಕೆರೆಗೆ ಇಳಿದ ರಾಜಕುಮಾರ ಮೊಳಕಾಲುದ್ದ ನೀರಿನಲ್ಲಿ ಹಾಗೇ ನಿಂತುಬಿಡುತ್ತಿದ್ದ. ಇವನೋ ಬಲು ಬೇಗ ನಿದ್ದೆ ಹೋಗುತ್ತಿದ್ದ. ಎಷ್ಟು ರಾಜಕುಮಾರರು ಇನ್ನೂ ನೀರಿನಲ್ಲೇ ಇದ್ದಾರೋ!

ನಾನು ಕಲಿತದ್ದು ಮೂರನೇ ಇಯತ್ತೆ. ಪುಸ್ತಕ ದೊಡ್ಡದೋ ಆಟ ದೊಡ್ಡದೋ ಅನ್ನುವ ಪಂಚಾಯಿತಿ ನನಗೆ ಬೇಡ. ಆದರೆ ಎಂಟು ತಿಂಗಳು ನಿಂತಲ್ಲೇ ನಿಂತ ಕಥೆ ಅದೆಂಥ ಕಥೆ? ಕೇಳಿಯೇ ಬಿಡೋಣವೆಂದು ಮೊನ್ನೆ ಮಧ್ಯಾಹ್ನ ಹೋದೆ.

ಓಣಿಯ ಮಗ್ಗಗಳೆಲ್ಲ ಊಟಕ್ಕೆ ನಿಂತಿದ್ದವು. ಪರದೆಯಲ್ಲಿ ಗೋಧಿ ತೆನೆಗಳು ತೂಗುತ್ತಿದ್ದವು. ಆ ಗಾಳಿ ನನ್ನ ಸೆರಗಿಗೂ ತಾಗಿದಂತಾಯಿತು. ಕುದುರೆ ಒಂದು ಮನೆಯ ಮುಂದೆ ನಿಂತಿತ್ತು. ಅಂಗಳದ ಬಿಸಿಲಿನಲ್ಲಿ ಹೆಂಗಸೊಬ್ಬಳು ರಾಟಿ ತಿರುಗಿಸುತ್ತ ಕೂತಿದ್ದಳು.

"ಎಂಟ ತಿಂಗಳಾತಕ್ಕಾ, ಒಂದ ಕಂಡಿಕಿನೂ ತುಂಬಿಲ್ಲ ಈಕಿ" ಎಂದ ತಮ್ಮ.

ಕಂಡಿಕೆ ಅಂದರೆ ಲಾಳಿಯೊಳಗೆ ಕೂಡಿಸುವ ನೂಲಿನ ಸುರುಳಿ. ಅವನ ಹೆಂಡತಿ ನಲವತ್ತು ವರ್ಷ ಅವನ ಮಗ್ಗದ ಪಕ್ಕದಲ್ಲಿ ಕೂತು ಅದನ್ನೇ ಸುತ್ತಿದವಳು. ಹೋದ ವರ್ಷ ತೀರಿಕೊಂಡಳು.

"ಹಂಗಾರ ಇಲ್ಲ್ಯಾಕ ಕುಂತೀಲೇ? ಹೋಗಿ ಕ್ವಾಟಿ ಬಾಗಲಾ ತಟ್ಟು" ಅಂದೆ.

"ಒಮ್ಮೆ ತಟ್ಟಿದ್ನಕ್ಕಾ. ತಟ್ಟಿದ ಕೂಡ್ಲೆ ವೈರಿಗೋಳು ಬಂದು ಊರು ಸುಟ್ಟರು. ಈ ಮನೀನೂ ಸುಟ್ಟರು. ಮೊಮ್ಮಗಳಿಗೆ ಕೈಮುಗದು ಆಟಾನ ಮತ್ತ ಹಿಂದಕ ತರಿಸೇನಿ." ಪರದೆಯ ಮೇಲಿನ ಧೂಳು ಅಂಗೈಯಿಂದ ಒರೆಸಿ ಹೇಳಿದ: "ಮಾಸ್ತರ್ರ ಪುಸ್ತಕದಾಗ ಆಗಿದ್ರ, ನಾ ಬ್ಯಾಡಂದ್ರೂ ಸುಡ್ತಿತ್ತು."

ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅಭ್ಯಾಸ ನನಗಿಲ್ಲ. "ಹುಚ್ಚ ಅದೀ ನೀ" ಅಂದೆ.

"ಮೊಮ್ಮಗಳೂ ದಿನಾ ಮುಗಸು ಮುಗಸು ಅಂತಾಳ. ಈಗ ನೀನೂ ಅಂದಿ. ಹೋಗ್ಲೇನಕ್ಕಾ ಮುಂದ?"

ಬೆರಳನ್ನು ಗುಂಡಿಯ ಮೇಲಿಟ್ಟು ನನ್ನ ಮುಖ ನೋಡಿದ. ಅರವತ್ತು ವರ್ಷದ ಹಿಂದೆ ಕೌದಿಯೊಳಗಿಂದ ಇಣುಕಿ ನೋಡುತ್ತಿದ್ದ ಅದೇ ಮುಖ.

ಹೊರಗೆ ಮಗ್ಗಗಳು ಒಂದೊಂದಾಗಿ ಶುರುವಾದವು. ಅಂಗಳದಲ್ಲಿ ರಾಟಿ ತಿರುಗುತ್ತಲೇ ಇತ್ತು.

ನಾನು ಹೂಂ ಅನ್ನಲಿಲ್ಲ.