ಉಪ್ಪಿನ ಗಣಿಗೆ ಆರು ಜನ

ಪಟ್ಟಿ ಮಾಡದೆ ನಾನು ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಹಾಗೆ ಪಟ್ಟಿ ಮಾಡಿಕೊಂಡು ಹೊರಟ ಒಂದು ಕೆಲಸವಾದರೂ ನಮ್ಮ ತಿಪಟೂರಿನಲ್ಲಿ ನಗುವಿಲ್ಲದೆ ಮುಗಿದದ್ದಿಲ್ಲ.

ನಾನು ಆರನೇ ತರಗತಿಯಲ್ಲಿದ್ದಾಗ ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ಒಂದು ಚಿತ್ರ ತೋರಿಸಿದ್ದರು. ಪೋಲೆಂಡ್ ದೇಶದಲ್ಲಿ ನೆಲದಾಳದ ನೂರಾರು ವರ್ಷ ಹಳೆಯ ಉಪ್ಪಿನ ಗಣಿ. ಅದರೊಳಗೆ ಕೆಲಸಗಾರರೇ ಉಪ್ಪಿನಲ್ಲಿ ಕಡೆದ ಪ್ರಾರ್ಥನಾ ಮಂದಿರ, ಉಪ್ಪಿನ ಹರಳುಗಳ ತೂಗುದೀಪ. ಒಂದಲ್ಲ ಒಂದು ದಿನ ಇದನ್ನು ನೋಡಿಯೇ ತೀರಬೇಕೆಂದು ಅಂದೇ ನಿಶ್ಚಯಿಸಿದ್ದೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ, ಎರಡು ಸಾವಿರದ ಇಸವಿಯ ಆಚೀಚೆ, ಕೊಬ್ಬರಿ ಮಂಡಿಯ ನಮ್ಮ ಯಜಮಾನರು, "ಎಲ್ಲಿಗಾದ್ರೂ ಹೋಗ್ಬರಣ, ಹೇಳು" ಎಂದರು. ಹೇಳಿದೆ.

ಬೆಂಗಳೂರಿನ ಪ್ರವಾಸದ ಏಜೆಂಟ್ ಒಂದು ಷರತ್ತು ಹಾಕಿದ. ಯುರೋಪ್ ಪ್ರವಾಸಕ್ಕೆ ನಮ್ಮ ಕಡೆಯಿಂದ ಆರು ಜನ ಸೇರಿದರೆ ಗಣಿಗೆ ಒಂದು ದಿನ. ಒಬ್ಬರು ಕಡಿಮೆಯಾದರೂ ಆ ದಿನ ಅಂಗಡಿ ಬೀದಿ. ನಾವಿಬ್ಬರು, ಎದುರುಮನೆಯ ಡಾಕ್ಟರು, ಅವರ ಹೆಂಡತಿ, ಬಿಳಿಗೆರೆಯ ನನ್ನ ನಾದಿನಿ, ತುರುವೇಕೆರೆಯ ನನ್ನ ಗೆಳತಿ. ಸರಿಯಾಗಿ ಆರು ಜನ. ಪಟ್ಟಿ ಬರೆದು ಕೆಳಗೆ ಗೆರೆ ಎಳೆದೆ.

೧. ಯಜಮಾನರ ಸಂದೇಹ

ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು. ಅಷ್ಟು ದಿನವೂ ಯಜಮಾನರಿಗೆ ಎರಡೇ ಚಿಂತೆ, ತೇವ ಮತ್ತು ಹೆಗ್ಗಣ. ಉಪ್ಪು ನೋಡಲು ವಿಮಾನ ಹತ್ತಬೇಕೆ ಎಂದು ಅವರು ಗೊಣಗುತ್ತಲೇ ಇದ್ದರು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು, ಏಜೆಂಟನಿಗೆ ತಾವೇ ಫೋನು ಮಾಡಿದರು.

"ಗಣಿ ಒಳಗೆ ತೇವ ಹೆಂಗೈತಪ್ಪ?"

"ಚೆನ್ನಾಗಿ ಒಣಗಿರುತ್ತಂತೆ ಸಾರ್."

"ಹೆಗ್ಗಣ?"

"ಛೇ, ಇಲ್ಲ ಸಾರ್."

"ಬಿಸಿಲು, ಮಳೆ?"

"ನೆಲದೊಳಗೆ ಎಲ್ಲಿ ಬರಬೇಕು ಸಾರ್?"

ಯಜಮಾನರು ತಲೆಯೆತ್ತಿ ನಮ್ಮ ಅಟ್ಟದ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಬಾಡಿಗೆಗೆ ಕೊಡ್ತಾರಾ?"

೨. ಅಯ್ನೋರ ತೀರ್ಪು

ಉಪ್ಪಿನ ವಿಷಯದಲ್ಲಿ ನಮ್ಮ ಅತ್ತೆಯವರು ನನಗಿಂತಲೂ ಕಟ್ಟುನಿಟ್ಟು. ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಟ್ಟು ತೆಗೆದುಕೊಳ್ಳಬೇಕು. ಚೆಲ್ಲಿದ್ದನ್ನು ತುಳಿಯಬಾರದು, ಅದು ಲಕ್ಷ್ಮಿ.

"ಅಲ್ಲಿ ನೆಲ ಯಾತರದವ್ವ?" ಎಂದರು.

"ಉಪ್ಪಿನದು ಅತ್ತೆ."

"ಗೋಡೆ?"

"ಅದೂ ಉಪ್ಪೇ."

"ಮತ್ತೆ ಕಾಲೆಲ್ಲಿ ಇಡ್ತೀಯಾ?"

ಅತ್ತೆಯವರು ನಮ್ಮ ಮನೆಗೆ ಪೂಜೆಗೆ ಬರುವ ಅಯ್ನೋರನ್ನೇ ಕರೆಸಿದರು. ಆ ಪುಣ್ಯಾತ್ಮರು ಎಲ್ಲವನ್ನೂ ಕೇಳಿಸಿಕೊಂಡು, ಕಣ್ಣು ಮುಚ್ಚಿ ತೆರೆದು ಹೇಳಿದರು: "ಹುಟ್ಟಿದ ಜಾಗದಲ್ಲಿ ಇರೋ ತನಕ ಅದು ಬರೀ ಕಲ್ಲು ಕಣ್ರವ್ವ. ಮನೆಗೆ ತಂದು ತುಂಬಿಸ್ಕೊಂಡ್ಮೇಲೆ ಲಕ್ಷ್ಮಿ."

ಅತ್ತೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಸರಿ ಬುಡಿ. ಸೊಸೇರೂ ಹಂಗೇ ಅಲ್ವಾ" ಎಂದರು.

೩. ಉಣ್ಣೆಯ ಬ್ಲೌಸು

ಗಣಿಯೊಳಗೆ ವರ್ಷವಿಡೀ ಚಳಿ. ಸೀರೆಯ ಮೇಲೆ ಬಣ್ಣಬಣ್ಣದ ಸ್ವೆಟರ್ ಹಾಕಿಕೊಂಡು ವಿದೇಶದಲ್ಲಿ ಓಡಾಡುವುದು ನನಗೆ ಒಪ್ಪಿಗೆಯಿಲ್ಲ. ಉದ್ದ ತೋಳಿನ ಉಣ್ಣೆಯ ಬ್ಲೌಸು ಹೊಲಿಸಲು ದರ್ಜಿ ಸಾಹೇಬರ ಅಂಗಡಿಗೆ ಹೋದೆ. ಇಪ್ಪತ್ತು ವರ್ಷಗಳಿಂದ ನನ್ನ ಅಳತೆಯನ್ನೂ ನನ್ನ ಕೋಪವನ್ನೂ ತಾಳಿಕೊಂಡವರು.

"ಕೋಟಿನ ಬಟ್ಟೇಲಿ ಬ್ಲೌಸಾ ಮೇಡಂ?" ಎಂದವರು, ಮರುಮಾತಾಡದೆ ಟೇಪು ತೆಗೆದರು. ನಾದಿನಿಗೂ ಡಾಕ್ಟರ ಹೆಂಡತಿಗೂ ಅದೇ ಬೇಕೆನಿಸಿತು. ಸಾಹೇಬರ ಬಳಿ ಇದ್ದದ್ದು ಉಣ್ಣೆ ಬಟ್ಟೆಯ ಒಂದೇ ಥಾನು, ಗಾಢ ನೀಲಿ, ಶಾಲೆಯ ಮಕ್ಕಳ ಕೋಟಿಗೆಂದು ತರಿಸಿದ್ದು. ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಹೊಲಿದಿಟ್ಟಿದ್ದರು. ಅಂಥ ದರ್ಜಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಕೈ ತಣ್ಣಗಿರಲಿ.

ಮೂವರೂ ಹಾಕಿಕೊಂಡು ಅವರ ಕನ್ನಡಿಯ ಮುಂದೆ ಸಾಲಾಗಿ ನಿಂತೆವು. ಸಾಹೇಬರು ಸ್ವಲ್ಪ ಹಿಂದೆ ಸರಿದು ನೋಡಿ, ಬಹಳ ವಿನಯದಿಂದ ಕೇಳಿದರು: "ಬ್ಯಾಡ್ಜ್ ಹಾಕ್ಲಾ ಮೇಡಂ?"

೪. ಇಳಿಯುವ ಹರಕೆ

ಆ ಗಣಿಗೆ ನೂರಾರು ಮರದ ಮೆಟ್ಟಿಲು ಇಳಿದೇ ಹೋಗಬೇಕು. ಮೇಲೆ ಬರಲು ಲಿಫ್ಟ್ ಇದೆ. "ಹತ್ತೋದು ಎದೆಗೆ ಕಷ್ಟ, ಇಳಿಯೋದು ಮಂಡಿಗೆ ಕಷ್ಟ" ಎಂದರು ಡಾಕ್ಟರು. ಆದ್ದರಿಂದ ನಮಗೆ ಬೇಕಾದದ್ದು ಇಳಿಯುವ ಅಭ್ಯಾಸ ಮಾತ್ರ. ಮೇಲಿನವರೆಗೆ ರಸ್ತೆಯೂ ಮೆಟ್ಟಿಲೂ ಇರುವ ಒಂದು ಬೆಟ್ಟವನ್ನು ಹುಡುಕಿದೆ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಜೀಪಿನಲ್ಲಿ ಮೇಲೆ ಹೋಗುವುದು, ಮೆಟ್ಟಿಲಲ್ಲಿ ಇಳಿಯುವುದು, ಕೆಳಗೆ ಕಾದಿರುವ ಜೀಪು ಹತ್ತಿ ಮತ್ತೆ ಮೇಲೆ. ಹೀಗೆ ಮೂರು ಸುತ್ತು. ತಡವಾಗಿ ಬಂದವರಿಗೆ ನಾಲ್ಕು.

ಬೆಟ್ಟದ ಮೇಲಿನ ಗುಡಿಯ ಪೂಜಾರಿ ಮೂರು ವಾರ ಸುಮ್ಮನೆ ನೋಡಿದರು. ಪಾಪ, ಪ್ರತಿ ಸುತ್ತಿಗೂ ಬೇಸರವಿಲ್ಲದೆ ತೀರ್ಥ ಕೊಟ್ಟರು. ನಾಲ್ಕನೆಯ ವಾರ ತಡೆಯಲಾಗದೆ ಕೇಳಿಯೇಬಿಟ್ಟರು: "ಮೆಟ್ಲು ಹತ್ತೋ ಹರಕೆ ಕಂಡಿದ್ದೀನಿ ಕಣ್ರೀ. ಈ ಇಳಿಯೋ ಹರಕೆ ಯಾವ ದೇವರದು?"

ಯಜಮಾನರು ಮಂಡಿ ನೀವಿಕೊಳ್ಳುತ್ತಾ ನನ್ನ ಕಡೆ ಕೈತೋರಿಸಿದರು. "ಇಲ್ಲೇ ನಿಂತೈತಲ್ಲ ಸ್ವಾಮಿ."

೫. ಆರನೆಯವರು

ಎಲ್ಲರ ಪಾಸ್‌ಪೋರ್ಟಿನ ವಿವರ ಕಳಿಸಬೇಕೆನ್ನುವಾಗ ತುರುವೇಕೆರೆಯ ಗೆಳತಿಯ ಫೋನು ಬಂತು. ಅವಳ ಮಗಳ ಹೆರಿಗೆ ಅದೇ ತಿಂಗಳಿಗೆ. "ಚೊಚ್ಚಲು ಕಣೇ, ಬಿಟ್ಟು ಹೆಂಗೆ ಬರ್ಲಿ?" ಎಂದು ಅತ್ತಳು. ಆಡಬೇಕಾದ ಮಾತನ್ನೆಲ್ಲ ಆಡಿ ಫೋನು ಇಟ್ಟೆ. ಸ್ಕೇಲು ತಂದು ಅವಳ ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದೆ. ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲವೆಂದುಕೊಂಡಿದ್ದೆ.

"ಈಗೆಷ್ಟು ಜನ?" ಹಿಂದಿನಿಂದ ಅತ್ತೆಯವರ ದನಿ.

"ಐದು."

"ನನ್ನ ಹೆಸರು ಬರ್ಕೋ."

"ಅತ್ತೆ, ನಿಮಗೆ ಎಪ್ಪತ್ತೆರಡು. ಅಲ್ಲಿ ನೂರಾರು ಮೆಟ್ಟಿಲು."

"ದಿನಾ ಅಟ್ಟ ಹತ್ತಿ ಇಳಿಯೋಳು ನಾನು. ಜೀಪಲ್ಲಿ ಹತ್ತೋಳು ನೀನು. ಬರ್ಕೋ ಅಂದ್ನಲ್ಲ."

ಡಾಕ್ಟರು ಪರೀಕ್ಷೆ ಮಾಡಿ, ಆರು ಜನರಲ್ಲಿ ನೆಟ್ಟಗಿರುವ ಮಂಡಿ ಇವರದೊಂದೇ ಎಂದರು. ಏಜೆಂಟನ ಕೈಕಾಲು ಹಿಡಿದು ಗಡುವು ಮುಂದಕ್ಕೆ ಹಾಕಿಸಿ, ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟೆವು. ಇನ್ನು ಉಳಿದದ್ದು ಪೊಲೀಸ್ ವಿಚಾರಣೆ. ಅದು ತಡವಾದರೆ ನನ್ನ ಗಣಿ ಹೋದಂತೆಯೇ. ಒಂದು ವಾರ ಅತ್ತೆಯವರನ್ನು ಕೂರಿಸಿಕೊಂಡು, "ಐತಿಹಾಸಿಕ ಸ್ಥಳದ ವೀಕ್ಷಣೆಗಾಗಿ" ಎಂಬ ಉತ್ತರವನ್ನು ಬಾಯಿಪಾಠ ಮಾಡಿಸಿದೆ.

ಪೊಲೀಸಿನವರೊಬ್ಬರು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂದರು. ಅಡುಗೆಮನೆ ಆಗಲೂ ಅತ್ತೆಯವರದೇ. ಬಂದವರು ಬರಿಹೊಟ್ಟೆಯಲ್ಲಿ ಹೋಗಬಾರದೆಂದು ತಾವೇ ಮಾಡಿದ ಉಪ್ಪಿಟ್ಟನ್ನು ತಟ್ಟೆ ತುಂಬ ಕೊಟ್ಟರು. ಆತ ತಿನ್ನುತ್ತಲೇ ಕಾಗದ ತೆರೆದರು. ಗಂಡನ ಹೆಸರು ಕೇಳಿದಾಗ ಅತ್ತೆಯವರು ಹೆಸರು ಹೇಳದೆ ಗೋಡೆಯ ಫೋಟೋ ತೋರಿಸಿದರು. ಹೆಸರನ್ನು ನಾನು ಹೇಳಿದೆ.

"ಸರಿ ಅಜ್ಜಿ, ಈ ವಯಸ್ಸಲ್ಲಿ ಅಷ್ಟು ದೂರ ಯಾತಕ್ಕೆ ಹೋಗ್ತಿದ್ದೀರಾ?"

ನಾನು ತುಟಿ ಅಲ್ಲಾಡಿಸಿ ನೆನಪಿಸಿದೆ. ಅತ್ತೆಯವರು ನನ್ನ ಕಡೆ ನೋಡಲೇ ಇಲ್ಲ.

"ನೋಡಪ್ಪ, ಇವಳು ಬಂದು ಇಪ್ಪತ್ತೈದು ವರ್ಷ ಆಯ್ತು. ಒಡವೆ ಕೇಳ್ಲಿಲ್ಲ, ಸೀರೆ ಕೇಳ್ಲಿಲ್ಲ. ದಿನಾ ಒಂದೇ ಮಾತು, ಅತ್ತೆ ಉಪ್ಪು ಕಮ್ಮಿ, ಅತ್ತೆ ಉಪ್ಪು ಕಮ್ಮಿ. ಅದಕ್ಕೇ ಗಣಿಗೇ ಕರ್ಕೊಂಡು ಹೋಗಿ ಬುಟ್ಬುಡ್ತೀನಿ, ಎಷ್ಟು ಬೇಕೋ ಅಷ್ಟು ಹಾಕ್ಕಳ್ಲಿ."

ಆತ ನನ್ನತ್ತ ತಿರುಗಿದರು. "ಇದು ನಿಜವಾ ಮೇಡಂ?"

ಸುಳ್ಳು ಹೇಳಬಾರದೆಂದು ಸಿಸ್ಟರ್ ಕಲಿಸಿದ್ದರು. "ನಿಜ," ಎಂದೆ.

ಆತ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಒಮ್ಮೆ ನೋಡಿದರು, ಅತ್ತೆಯವರ ಮುಖ ಒಮ್ಮೆ ನೋಡಿದರು. ತಟ್ಟೆ ಕೆಳಗಿಟ್ಟು, ಪೆನ್ನು ತೆಗೆದು ಅಲ್ಲೇ ಸಹಿ ಹಾಕಿದರು.

"ಜಲ್ದಿ ಹೋಗ್ಬನ್ನಿ ಅಜ್ಜಿ. ಅಗತ್ಯ ಐತೆ."